ಬರಗೇರಮ್ಮನ ಹದಿನೈದು ನಿಮಿಷ

ಬರಗೇರಮ್ಮ ಕೂತಿದ್ದನ್ನು ಕಣ್ಣಾರೆ ಕಂಡವರು ಯಲ್ಲದಕೆರೆಯಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ನೋಡೋಣ. ಉಣ್ಣುವಾಗಲೂ ಒಂದು ಮಂಡಿ ಮೇಲೆತ್ತಿಕೊಂಡು, ಈಗಲೋ ಆಗಲೋ ಎದ್ದುಬಿಡುವಂತೆ ಇರುವ ಹೆಂಗಸು ಅವಳು. ಹಿರಿಯೂರಿನ ಬಸ್ಸಿನಲ್ಲಿ ಸೀಟು ಖಾಲಿ ಬಿದ್ದಿದ್ದರೂ ಬಾಗಿಲ ಕಂಬ ಹಿಡಿದು ನಿಂತೇ ಹೋಗುತ್ತಾಳೆ. ಕಂಡಕ್ಟರು "ಕುಂತ್ಕಳಮ್ಮೋ" ಎಂದರೆ "ನಿನ್ ಕೆಲ್ಸ ನೀನ್ ಮಾಡಪ್ಪ, ಟಿಕೀಟ್ ಹರಿ" ಎಂದು ಅವನನ್ನೇ ಗದರುತ್ತಾಳೆ. ವಯಸ್ಸು ಐವತ್ತೆರಡು. ಅದರಲ್ಲಿ ಇಪ್ಪತ್ತೈದು ವರ್ಷ ಗಂಡ ಪಾಲಯ್ಯನ ಜೊತೆ ಕುರಿ ಹಿಂದೆ ನಡೆದವಳು; ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲಗಳಲ್ಲಿ ಮಂದೆ ಕೂಡಿಸಿಕೊಂಡು, ಇವತ್ತು ಈ ಹೊಲ, ನಾಳೆ ಆ ಹೊಲ ಎಂದು ತಿರುಗಿದವಳು. ಈಗ ಮಂದೆ ಚಿಕ್ಕದಾಗಿದೆ. ಪಾಲಯ್ಯ ಊರ ಸುತ್ತಲೇ ಮೇಯಿಸಿಕೊಂಡು ಸಂಜೆಗೆ ಮನೆಗೆ ಬರುತ್ತಾನೆ. ಆದರೆ ಹೆಂಡತಿಯ ಕಾಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇಂಥವಳ ಕೈಗೆ ಹೇಳಿ ಮಾಡಿಸಿದ ಅಡುಗೆ ಎಂದರೆ ರಾಗಿಮುದ್ದೆ. ಎಸರು ಕುದಿಯಬೇಕು, ಹಿಟ್ಟು ಸುರಿಯಬೇಕು, ಹಿಟ್ಟಿನ ಗುಡ್ಡೆಯ ನಡುವೆ ಕೋಲಿನಿಂದ ತೂತು ಹೊಡೆದು ಒಳಗಿನ ಎಸರು ಮೇಲೆ ಬರುವಂತೆ ಮಾಡಬೇಕು, ಆಮೇಲೆ ಪಾತ್ರೆಯನ್ನು ಒತ್ತಿ ಹಿಡಿದು ರೆಟ್ಟೆ ನೋಯುವ ತನಕ ತಿರುವಬೇಕು. ಒಂದು ಗಳಿಗೆ ಕೈ ಬಿಟ್ಟರೆ ಗಂಟು. ಬರಗೇರಮ್ಮ ಕೈ ಬಿಟ್ಟವಳೇ ಅಲ್ಲ. ಅವಳ ಮುದ್ದೆಯಲ್ಲಿ ಗಂಟು ತೋರಿಸಿದರೆ ಒಂದು ಟಗರು ಕೊಡುತ್ತೇನೆ ಎಂದು ಪಾಲಯ್ಯ ನೆಂಟರೆದುರು ಪಣ ಕಟ್ಟಿದ್ದುಂಟು, ಟಗರು ಮನೆಯಲ್ಲೇ ಉಳಿದಿದ್ದೂ ಉಂಟು. ಅನ್ನ ಎಂದರೆ ಅವಳಿಗೆ ಅಷ್ಟಕ್ಕಷ್ಟೆ. ಹಬ್ಬಕ್ಕೋ ನೆಂಟರಿಗೋ ಒಂದಿಷ್ಟು ಬೇಯುತ್ತಿತ್ತು, ಅದೂ ಒಟ್ಟಿಗೆ ಅಂಟಿಕೊಂಡು ಚಿಕ್ಕ ಮುದ್ದೆಯ ಹಾಗೇ ಇರುತ್ತಿತ್ತು. ಯಾರೂ ಕೇಳಿರಲಿಲ್ಲ, ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡುವ ಕಾಲ ಬಂದದ್ದು ಸೊಸೆ ದೇವಿಕಾಳಿಂದ. ಮಗ ಪರಮೇಶ್ ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ, ರಜೆ ಸಿಕ್ಕಾಗ ಮನೆಗೆ ಬರುವವ. ಕಳೆದ ವರ್ಷ ಮದುವೆಯಾಗಿ ಮಲೇಬೆನ್ನೂರು ಕಡೆಯ ಈ ಹುಡುಗಿಯನ್ನು ತಂದ. ಅದು ಭದ್ರಾ ನೀರು ಹರಿಯುವ ಸೀಮೆ, ಮೂರು ಹೊತ್ತೂ ಅನ್ನ ಉಣ್ಣುವ ಜನ. ಆದರೂ ದೇವಿಕಾ ಬಂದ ತಿಂಗಳಲ್ಲೇ ಮುದ್ದೆ ನುಂಗುವುದು ಕಲಿತಳು, ಅತ್ತೆ ಬೈದರೆ ನಗುವುದು ಕಲಿತಳು. ಬರಗೇರಮ್ಮನಿಗೆ ಅವಳೆಂದರೆ ಪ್ರಾಣ. ಹಾಗೆಂದು ಬಾಯಿ ಬಿಟ್ಟು ಹೇಳುವವಳಲ್ಲ, "ಎದ್ದೇಳೇ, ಬಿಸ್ಲು ನೆತ್ತಿಗ್ ಬಂತು" ಎನ್ನುವುದೇ ಅವಳ ಮುದ್ದು.

ಸೊಸೆ ಬಸುರಾಗಿ ಮೂರು ತಿಂಗಳಾಯಿತು. ಆದರೆ ಒಂದು ತುತ್ತು ಹೊಟ್ಟೆಯಲ್ಲಿ ನಿಲ್ಲದು. ರಾಗಿಹಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಬಚ್ಚಲಿಗೆ ಓಟ. ಅದಕ್ಕೇ ಒಂದು ತಿಂಗಳಿಂದ ಮುದ್ದೆಯ ಒಲೆ ಹಿತ್ತಲಿನ ಕುರಿಹಟ್ಟಿಯ ಪಕ್ಕಕ್ಕೆ ಹೋಗಿದೆ. ಕುಕ್ಕರು ಸೀಟಿ ಹೊಡೆದರೆ ಆ ಹಬೆಗೂ ಓಟ. ಬ್ರೆಡ್ಡು, ಬಾಳೆಹಣ್ಣು, ಗಂಜಿ, ಯಾವುದೂ ಉಳಿಯಲಿಲ್ಲ. ಹಿರಿಯೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೂಕ ನೋಡಿ, "ನಾಲ್ಕು ಕೆಜಿ ಇಳಿದಿದ್ದಾಳೆ. ಬರೋ ಸೋಮವಾರ ಇನ್ನೂ ಇಳಿದಿದ್ರೆ ಅಡ್ಮಿಟ್ ಮಾಡ್ಕೊಂಡು ಡ್ರಿಪ್ ಹಾಕ್ಬೇಕಾಗುತ್ತೆ" ಎಂದರು.

ಆ ಸಂಜೆಯೇ ದೇವಿಕಾಳ ತಾಯಿ ಯಶೋಧಾ ಫೋನ್ ಮಾಡಿದಳು. ಮಾತು ಮೆತ್ತಗೇ ಇತ್ತು. "ಬೇಜಾರ್ ಮಾಡ್ಕಬ್ಯಾಡ್ರಿ ಬೀಗ್ರೇ. ಸೋಮವಾರ ನಾನೂ ಆಸ್ಪತ್ರೆಗೆ ಬರ್ತೀನಿ. ತೂಕ ಇಳಿದಿದ್ರೆ ಡ್ರಿಪ್ ಆದ್ಮೇಲೆ ಹಂಗೇ ನಮ್ಮೂರಿಗೆ ಕರ್ಕಂಡು ಹೋಗ್ತೀನಿ. ಅವ್ಳಿಗೆ ಉದುರುದುರಾಗಿ ಅನ್ನ ಮಾಡಿ, ಒಂಚೂರು ನಿಂಬೆಹಣ್ಣು ಹಿಂಡಿ ಕೊಟ್ರೆ ತಿಂತಾಳೇನೋ ಅಂತ."

"ಅನ್ನಾನ ನಾನೂ ಮಾಡ್ತೀನಿ ಕಣ್ರಿ, ನಮ್ ಮನೇಲೇನು ಅಕ್ಕಿ ಇಲ್ವಾ?" ಎಂದಳು ಬರಗೇರಮ್ಮ. ಫೋನು ಇಟ್ಟ ಮೇಲೆ ಅಂಗಳಕ್ಕೆ ಬಂದು, ಗುಡಿಸಿದ್ದ ಅಂಗಳವನ್ನೇ ಮತ್ತೊಮ್ಮೆ ಗುಡಿಸಿದಳು. ಹುಡುಗಿ ಹೋದರೆ ಊರು ಏನನ್ನುತ್ತದೋ ಎಂಬ ಚಿಂತೆ ಅವಳಿಗೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಒಳಗೆ ಇನ್ನೊಂದು ಭಯ ಇತ್ತು, ಹಳೆಯದು. ಅದರ ಹೆಸರನ್ನು ಅವಳು ಯಾರ ಮುಂದೆಯೂ ಎತ್ತಿದವಳಲ್ಲ.

ಮಂಗಳವಾರ ದೇವಿಕಾ ಮಲಗಿದಲ್ಲಿಂದಲೇ ಹೇಳಿಕೊಟ್ಟಳು. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ಮೂರು ಸಲ ತೊಳೆಯಬೇಕು. ಅರ್ಧ ಗಂಟೆ ನೆನೆಸಬೇಕು. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ನೆನೆದ ಅಕ್ಕಿಯಾದ್ದರಿಂದ ಒಂದು ಬೆರಳು ಕಮ್ಮಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚಬೇಕು. ನೀರು ಇಂಗಿದ ಮೇಲೆ ಒಲೆ ಆರಿಸಿ ಹದಿನೈದು ನಿಮಿಷ ಹಾಗೇ ಬಿಡಬೇಕು.

"ಹಂಗೇ ಬಿಡೋದಂದ್ರೆ?"

"ಮುಟ್ಟಬಾರ್ದು ಅತ್ತೆ. ಮುಚ್ಚಳ ತೆಗೀಬಾರ್ದು."

"ಅಷ್ಟೇನಾ? ಅದ್ಯಾವ ದೊಡ್ ವಿದ್ಯೆ" ಎಂದು ಬರಗೇರಮ್ಮ ಸೆರಗು ಸಿಕ್ಕಿಸಿದಳು.

ಅನ್ನ ಅಂಟಂಟಾಯಿತು. ದೇವಿಕಾ ಒಂದು ತುತ್ತು ಬಾಯಿಗಿಟ್ಟವಳು ಮುಖ ಹಿಂಡಿಕೊಂಡು ಎದ್ದಳು. "ಬಾಯಿಗೆ ಮೆತ್ಕಂತೈತೆ ಅತ್ತೆ, ತಪ್ಪು ತಿಳ್ಕಬ್ಯಾಡ್ರಿ" ಎಂದು ಬಚ್ಚಲಿನಿಂದಲೇ ಅಂದಳು. ಬುಧವಾರ ನೀರು ಕಡಿಮೆ ಮಾಡಿದಳು. ಮೇಲೆ ಅಂಟು, ಒಳಗೆ ಹಸಿ. ಬರಗೇರಮ್ಮ ಸಿಟ್ಟನ್ನು ಅಕ್ಕಿಯ ಮೇಲೆ ಹಾಕಿದಳು. ಈ ದಪ್ಪ ಅಕ್ಕಿ ಮುದ್ದೆಗೆ ನುಚ್ಚಾಗೋದಕ್ಕೇ ಹುಟ್ಟಿರೋದು, ಇದಕ್ಕೆ ಅನ್ನವಾಗೋ ಯೋಗ್ಯತೆ ಎಲ್ಲಿಂದ ಬರಬೇಕು ಎಂದು ಇಡೀ ಚೀಲವನ್ನೇ ಬೈದಳು.

ಗುರುವಾರ ಬೆಳಿಗ್ಗೆ ಹಿರಿಯೂರಿನ ಬಸ್ಸು ಹತ್ತಿದಳು. ನಿಂತೇ ಹೋದಳು ಎಂದು ಬೇರೆ ಹೇಳಬೇಕೆ? ಸಂತೆ ಮೈದಾನದ ಹತ್ತಿರ ಜಂಬಣ್ಣನ ಅಕ್ಕಿ ಅಂಗಡಿ. ಆತ ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಹರಡಿ ತೋರಿಸಿದ.

"ನೋಡಮ್ಮ, ಒಂದೂವರೆ ವರ್ಷದ ಹಳೇ ಸೋನಾ ಮಸೂರಿ. ಹೊಸ ಅಕ್ಕಿ ಅಂಟ್ಕಂತೈತೆ, ಹಳೇದು ಬಿಡಿಬಿಡಿ ಆಗ್ತೈತೆ. ಕಣ್ಣು ಮುಚ್ಕಂಡು ಮಾಡಿದ್ರೂ ಅನ್ನ ಕೆಡಲ್ಲ."

"ಕೆಟ್ರೆ?"

"ಕೆಟ್ರೆ ಅಕ್ಕೀದಲ್ಲ ತಪ್ಪು, ಕೈಯ್ದು" ಎಂದು ಜಂಬಣ್ಣ ನಕ್ಕ. ಆ ನಗು ಬರಗೇರಮ್ಮನಿಗೆ ಇಷ್ಟವಾಗಲಿಲ್ಲ. ಅಕ್ಕಿ ಕಟ್ಟಿಸಿಕೊಂಡು, ಜೊತೆಗೆ ಆರು ನಿಂಬೆಹಣ್ಣು ಆರಿಸಿಕೊಂಡು, ಮಧ್ಯಾಹ್ನಕ್ಕೆ ಮನೆ ಸೇರಿದಳು.

ಶುಕ್ರವಾರ ಹಳೇ ಅಕ್ಕಿಯೂ ಕೆಟ್ಟಿತು. ಬೆಂದ ವಾಸನೆಯೇನೋ ಹಿತವಾಗಿತ್ತು, ದೇವಿಕಾ ಆಸೆಯಿಂದ ಎದ್ದು ಕೂತಿದ್ದಳು. ತಟ್ಟೆಗೆ ಬಿದ್ದದ್ದು ಮಾತ್ರ ಗುಪ್ಪೆ ಗುಪ್ಪೆ. ಹುಡುಗಿ ಎರಡು ತುತ್ತು ಕಷ್ಟಪಟ್ಟು ನುಂಗಿದಳು, ಮೂರನೆಯದಕ್ಕೆ ಎಲ್ಲ ಹೊರಗೆ ಬಂತು. ಬೆನ್ನು ಸವರುತ್ತಿದ್ದ ಬರಗೇರಮ್ಮನ ಕೈಗೆ ಅವಳ ಬೆನ್ನುಮೂಳೆ ಒಂದೊಂದೂ ಬೇರೆ ಬೇರೆಯಾಗಿ ಸಿಕ್ಕಿತು. ಅವಳು ಹುಡುಗಿಯನ್ನು ಮಲಗಿಸಿದಳು. ಹೊರಗೆ ಬಂದು, ಉಳಿದ ಅನ್ನವನ್ನು ಕುರಿಹಟ್ಟಿಯ ತೊಟ್ಟಿಗೆ ಸುರಿದು, ಖಾಲಿ ಪಾತ್ರೆಯನ್ನು ಕಲ್ಲಿಗೆ ಕುಕ್ಕಿದಳು.

"ನಂಗೆ ಬರಲ್ಲ. ಐವತ್ತು ವರ್ಷ ಬದುಕಿ ಒಂದು ಹಿಡಿ ಅನ್ನ ಬೇಯ್ಸಕ್ಕೆ ಬರ್ದಿರೋ ಹೆಂಗ್ಸು ನಾನು" ಎಂದಳು ಕುರಿಗಳಿಗೆ ಕೇಳುವಂತೆ. ಕುರಿಗಳು ಅನ್ನ ತಿನ್ನುವುದರಲ್ಲಿದ್ದವು. ಅವುಗಳ ತಕರಾರೇನೂ ಇರಲಿಲ್ಲ.

ಶನಿವಾರ ಪಾಲಯ್ಯ ಮೇಯಿಸಲು ಹೋಗಲಿಲ್ಲ. ಒಂದು ಕುರಿ ಈಯುವುದರಲ್ಲಿತ್ತು. ಹಿತ್ತಲಲ್ಲಿ ಕಂಬಳಿ ಹಾಸಿಕೊಂಡು, ಕುರಿಗೆ ಹತ್ತು ಮಾರು ದೂರ ಕೂತು ಬೀಡಿ ಸೇದುತ್ತಿದ್ದ. ಕೂತಲ್ಲಿಂದ ಅಡುಗೆಮನೆಯ ಹಿಂಬಾಗಿಲು ನೇರ ಕಾಣುತ್ತಿತ್ತು. ಬರಗೇರಮ್ಮ ಅಕ್ಕಿ ತೊಳೆದದ್ದು ನೋಡಿದ, ನೆನೆಸಿದ್ದು ನೋಡಿದ, ಒಲೆಯ ಮೇಲಿಟ್ಟು ಮುಚ್ಚಿದ್ದು ನೋಡಿದ. ಆಮೇಲೆ ಕಂಡದ್ದಕ್ಕೆ ಬೀಡಿ ಬಾಯಿಂದ ತೆಗೆದ.

ಬರಗೇರಮ್ಮ ಮುಚ್ಚಳ ಎತ್ತಿ ಇಣುಕಿದಳು. ಮುಚ್ಚಿದಳು. ಮೂಲೆಗೆ ಹೋದಳು, ಬಂದಳು, ಮತ್ತೆ ಎತ್ತಿದಳು. ತೊಳೆದು ತಂದು ಗೋಡೆಗೆ ಒರಗಿಸಿದ್ದ ಮುದ್ದೆಕೋಲು ಹೇಗೋ ಕೈಗೆ ಬಂತು. ಅದನ್ನು ಅನ್ನದ ನಡುವೆ ತಳದವರೆಗೆ ಚುಚ್ಚಿ ತೂತು ಹೊಡೆದಳು. ಪಕ್ಕದಲ್ಲಿ ಇನ್ನೊಂದು. ಹಾಗೇ ಒಂದು ಸುತ್ತು ತಿರುವಿ, ಕೋಲು ಒರೆಸಿ, ಗೋಡೆಗೆ ಒರಗಿಸಿ, ಮುಚ್ಚಳ ಮುಚ್ಚಿದಳು.

"ಲೇ ಬರಗೀ! ಏನೇ ಅದು? ಅನ್ನಕ್ಕೆ ಮುದ್ದೆಕೋಲು ಹಾಕ್ತಿದ್ಯಲ್ಲೇ!"

"ಯಾರು? ನಾನಾ? ಕಣ್ ಮಂಜಾಗೈತಾ ನಿಂಗೆ? ನಾನ್ಯಾಕ್ ಹಾಕ್ಲಿ?"

"ಈಗ ನೋಡಿದ್ನಲ್ಲೇ, ತೂತು ಹೊಡೆದೆ!"

"ತೂತು ಹೊಡೀದಿದ್ರೆ ಒಳ್ಗೆ ಹೆಂಗೆ ಬೇಯ್ತೈತೆ?" ಎಂದವಳು ತನ್ನ ಮಾತು ತಾನೇ ಕೇಳಿಸಿಕೊಂಡು ನಿಂತಳು. ಗೋಡೆಗೆ ಒರಗಿದ್ದ ಕೋಲಿನ ತುದಿಯಲ್ಲಿ ನಾಲ್ಕು ಅಗುಳು ಅಂಟಿದ್ದವು. ಸುಳ್ಳಲ್ಲ, ಅವಳಿಗೆ ಇಷ್ಟು ದಿನ ಅದು ಗೊತ್ತೇ ಆಗಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಮುದ್ದೆ ಮಾಡುತ್ತಿತ್ತು.

ಆಗ ಒಳಕೋಣೆಯಿಂದ ದೇವಿಕಾಳ ಸಣ್ಣ ದನಿ ಬಂತು. "ನಿನ್ನೆ ಒಂಬತ್ತು ಸಲ ಮುಚ್ಚಳ ತೆಗೆದ್ರಿ ಅತ್ತೆ. ಬುಧವಾರ ಹನ್ನೊಂದು. ಇಲ್ಲಿಗೆ ಸದ್ದು ಬರ್ತೈತೆ."

"ಗೊತ್ತಿದ್ದೂ ಬಾಯಿ ಮುಚ್ಕಂಡಿದ್ಯಲ್ಲೇ!"

"ಹೆಂಗ್ ಹೇಳ್ಲಿ? ನೀವು ಅಷ್ಟು ಒದ್ದಾಡ್ತಿದ್ರಿ."

ಬರಗೇರಮ್ಮನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಕ್ಕಿದವನು ಪಾಲಯ್ಯ. "ನೀನೇನು ಮಹಾ, ಬೆಳಗ್ಗಿಂದ ಕಲ್ಲು ಗುಂಡಿನಂಗೆ ಕುಂತಿದ್ಯ. ಹೋಗಿ ಆ ಕುರೀನ ಒಂಚೂರು ಹಿಡ್ಕಬಾರ್ದಾ?"

"ಈಯೋ ಕುರೀನ ಯಾರಾದ್ರೂ ಹೋಗಿ ಹೋಗಿ ಮುಟ್ತಾರೇನೇ?" ಎಂದ ಪಾಲಯ್ಯ. "ಅದಕ್ಕೆ ಗೊತ್ತೈತೆ ಅದರ ಕೆಲ್ಸ. ನಾವು ದೂರ ಇದ್ದು ನೋಡ್ಬೇಕು. ನಿಂಗೆ ಇದ ಹೇಳ್ಕೊಡ್ಬೇಕಾ?" ಎಂದು ಎದ್ದು ಬಂದು, ಮುದ್ದೆಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ. "ನಾಳೆ ಸಂಜೆ ತನಕ ಇದು ನನ್ನತ್ರ ಇರ್ತೈತೆ. ಒಂದಿನ ಮುದ್ದೆ ಇಲ್ದಿದ್ರೆ ನಾನೇನ್ ಸತ್ತೋಗಲ್ಲ."

ಮೂವತ್ಮೂರು ವರ್ಷದ ಸಂಸಾರದಲ್ಲಿ ಪಾಲಯ್ಯ ಆಡಿದ ಅತಿ ದೊಡ್ಡ ಮಾತು ಅದೇ ಇರಬೇಕು.

ಭಾನುವಾರ. ಉಳಿದಿದ್ದು ಒಂದೇ ದಿನ. ಹನ್ನೊಂದು ಗಂಟೆಗೆ ಬರಗೇರಮ್ಮ ಅಕ್ಕಿ ತೊಳೆದಳು, ನೆನೆಸಿದಳು, ನೀರು ಅಳೆದಳು. ಕುದಿ ಬಂತು. ಉರಿ ಸಣ್ಣ ಮಾಡಿ ಮುಚ್ಚಿದಳು. ಇನ್ನು ಮುಟ್ಟುವ ಹಾಗಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಳು. ಮುಚ್ಚಳ ಸಣ್ಣಗೆ ಅದುರಿತು. ಉಕ್ಕುತ್ತಿದೆಯೇ? ಸೀಯುತ್ತಿದೆಯೇ? ಒಳಗೇನಾಗುತ್ತಿದೆ ಎಂದು ತಿಳಿಯದೆ ಇರುವುದು ಅವಳಿಂದ ಆಗದ ಕೆಲಸ. ಕಿಟಕಿಗೆ ಹೋದಳು, ಒಲೆಗೆ ಬಂದಳು, ಉಪ್ಪಿನ ಡಬ್ಬಿ ತೆಗೆದು ಅಲ್ಲೇ ಇಟ್ಟಳು. ಕಾಲು ಉರಿಯುತ್ತಿತ್ತು. ಹನ್ನೆರಡು ನಿಮಿಷಕ್ಕೆ ನೀರಿನ ಸದ್ದು ನಿಂತಿತು. ಒಲೆ ಆರಿಸಿದಳು. ಬಲಗೈ ತಾನಾಗಿ ಮುಚ್ಚಳದ ಕಡೆ ಹೋಯಿತು.

"ಅತ್ತೆ" ಎಂದಳು ದೇವಿಕಾ ಒಳಗಿನಿಂದ. "ಇಲ್ಲಿ ಬರ್ರಿ. ನನ್ ಹತ್ರ ಕುಂತ್ಕಳ್ರಿ."

ಬರಗೇರಮ್ಮ ಹೋದಳು. ಮಂಚದ ಅಂಚಿಗೆ ತಾಗಿಯೂ ತಾಗದಂತೆ ಕೂತಳು. ಹುಡುಗಿ ಅವಳ ಕೈ ಹಿಡಿದುಕೊಂಡಳು. ಹಿಡಿದ ಕೈ ಕಡ್ಡಿಯಷ್ಟು ತೆಳ್ಳಗಿತ್ತು, ಆದರೆ ಬಿಗಿಯಾಗಿತ್ತು.

"ಯಾಕತ್ತೆ ಇಷ್ಟು ಗಾಬ್ರಿ? ಡ್ರಿಪ್ ಹಾಕಿದ್ರೆ ಹಾಕ್ಲಿ. ಅಮ್ಮನ ಮನೆಗೆ ಹೋದ್ರೂ ಮತ್ತೆ ಬರ್ತೀನಲ್ಲ."

"ನಿಂಗೆ ಗೊತ್ತಿಲ್ಲ ಬಿಡೇ" ಎಂದಳು ಬರಗೇರಮ್ಮ. ಏಳಲು ನೋಡಿದಳು, ಹುಡುಗಿ ಕೈ ಬಿಡಲಿಲ್ಲ. ಏಳಲಾಗದೆ ಕೂತವಳ ಬಾಯಿಂದ, ಮೂವತ್ತೆರಡು ವರ್ಷ ಒಳಗಿದ್ದದ್ದು ಹೊರಗೆ ಬಂತು.

"ಪರಮೇಶಂಗಿಂತ ಮೊದ್ಲು ಒಂದಿತ್ತು. ನಂಗೆ ಇಪ್ಪತ್ತು ವರ್ಷ. ಬಾಗೂರಿನ ಹತ್ರ ಒಂದ್ ಹೊಲದಾಗೆ ಮಂದೆ ಕೂಡಿಸಿದ್ವಿ. ನಿನ್ನಂಗೇ, ಮೂರ್ ತಿಂಗ್ಳು. ಏನ್ ತಿಂದ್ರೂ ನಿಲ್ತಿರ್ಲಿಲ್ಲ. ಮುದ್ದೆ ಬಿಟ್ರೆ ಇನ್ನೇನಿತ್ತು ನಮ್ಮತ್ರ? ಎಂಟು ದಿನ ಬರೀ ನೀರು ಕುಡ್ಕಂಡು ಕುರಿ ಹಿಂದೆ ನಡೆದೆ. ಒಂಬತ್ನೇ ದಿನ ಆ ಹೊಲದಾಗೇ ಹೋಯ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ ಮಾವ ಅತ್ತ. ನಾನು ಅಳ್ಲಿಲ್ಲ. ಮಾರನೇ ದಿನ ಮಂದೆ ಎಬ್ಬಿಸ್ಬೇಕಿತ್ತು, ಎದ್ದು ನಡೆದೆ. ಒಂದ್ ಗಳಿಗೆ ಕುಂತ್ರೆ ಅದೇ ನೆನಪಾಗ್ತಿತ್ತು. ಅದಕ್ಕೇ ಕುಂತ್ಕಳ್ಳೋದೇ ಬಿಟ್ಟೆ. ಆಮೇಲೆ ಪರಮೇಶ ಹುಟ್ಟೋಕೆ ಆರ್ ವರ್ಷ ಆಯ್ತು."

ದೇವಿಕಾ ಅತ್ತೆಯ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬರಗೇರಮ್ಮ ಅಳುವುದನ್ನು ಆ ಮನೆಯ ಗೋಡೆಗಳು ಮೊದಲ ಸಲ ಕೇಳಿದವು. ಜೋರಾಗಿ ಅತ್ತಳು, ಮಂಚದ ಮೇಲೆ ಪೂರ್ತಿ ಕೂತು, ಎರಡೂ ಕಾಲು ಮೇಲೆತ್ತಿಕೊಂಡು ಅತ್ತಳು. ಹುಡುಗಿಯೂ ಅತ್ತಳು. ಹಿತ್ತಲಿನಲ್ಲಿ ಪಾಲಯ್ಯ ಕೆಮ್ಮಿದ ಸದ್ದು ಕೇಳಿತು, ಆದರೆ ಆತ ಒಳಗೆ ಬರಲಿಲ್ಲ.

"ಅಯ್ಯೋ ನನ್ ಮನೆ ಕಾಯ್ವಾಗ, ಅನ್ನ!" ಎಂದು ಬರಗೇರಮ್ಮ ದಡಬಡಿಸಿ ಎದ್ದಳು. ಗಡಿಯಾರ ನೋಡಿದರೆ ಹದಿನೈದಲ್ಲ, ನಲವತ್ತು ನಿಮಿಷ ಕಳೆದಿತ್ತು. ಕೆಟ್ಟೆನಲ್ಲಪ್ಪಾ ಎಂದುಕೊಂಡೇ ಅಡುಗೆಮನೆಗೆ ಓಡಿ ಮುಚ್ಚಳ ತೆಗೆದಳು.

ಅಗುಳುಗಳು ನೆಟ್ಟಗೆ ನಿಂತಿದ್ದವು. ಸೌಟಿನ ಹಿಂಬದಿಯಿಂದ ಅಂಚಿನಲ್ಲಿ ಮೆತ್ತಗೆ ತಳ್ಳಿದಳು. ಒಂದಕ್ಕೊಂದು ಅಂಟದೆ ಉದುರಿದವು. ಒಂದನ್ನು ಬೆರಳಲ್ಲಿ ಹಿಡಿದು ಒತ್ತಿದಳು. ಬೆಂದಿತ್ತು. ತೂತು ಹೊಡೆಯದಿದ್ದರೂ ಬೆಂದಿತ್ತು, ನೋಡಿ! ಅವಳಿಗೆ ಯಾರೋ ಬೆನ್ನ ಹಿಂದೆ ನಿಂತು ಕೆಲಸ ಮಾಡಿಕೊಟ್ಟು ಹೋದ ಹಾಗೆ ಅನ್ನಿಸಿತು.

ತಟ್ಟೆಯಲ್ಲಿ ಹರಡಿ, ಉಗುರು ಬೆಚ್ಚಗಾದ ಮೇಲೆ ಉಪ್ಪು, ನಿಂಬೆರಸ ಹಾಕಿ ತಂದಳು. ದೇವಿಕಾ ಒಂದು ತುತ್ತು ತಿಂದಳು. ಕಣ್ಣು ಮುಚ್ಚಿದಳು. ಎರಡನೆಯದು. ನಾಲ್ಕನೆಯದು. ತಟ್ಟೆ ಖಾಲಿಯಾಯಿತು. ಈಗ ಇನ್ನೊಂದು ಕಾಯುವಿಕೆ. ಬಚ್ಚಲಿನ ಬಾಗಿಲು ತೆರೆದೇ ಇತ್ತು. ಬರಗೇರಮ್ಮನ ನಾಲಿಗೆಯ ತುದಿಯಲ್ಲಿ "ಹೆಂಗೈತೆ? ಬರ್ತೈತಾ?" ಎಂಬ ಪ್ರಶ್ನೆ ಕುಣಿಯುತ್ತಿತ್ತು. ಕೇಳಲಿಲ್ಲ. ನೆಲಕ್ಕೆ ಕೂತು, ಗೋಡೆಗೆ ಒರಗಿ, ಸೊಸೆಯ ಮುಖ ನೋಡುತ್ತಾ ಇದ್ದಳು. ಹತ್ತು ನಿಮಿಷ. ಇಪ್ಪತ್ತು. ಅರ್ಧ ಗಂಟೆ.

"ಅತ್ತೆ" ಎಂದಳು ದೇವಿಕಾ.

ಬರಗೇರಮ್ಮ ವಾಂತಿಗೆಂದು ಇಟ್ಟಿದ್ದ ಬೋಗುಣಿಗೆ ಕೈ ಚಾಚಿದಳು.

"ಅದಲ್ಲ ಅತ್ತೆ. ಇನ್ನೊಂಚೂರು ಅನ್ನ ಹಾಕ್ರಿ."

ಬರಗೇರಮ್ಮ ಅಡುಗೆಮನೆಗೆ ಹೋದಳು. ಬಹಳ ಹೊತ್ತಾದರೂ ಸದ್ದೇ ಇಲ್ಲ. ದೇವಿಕಾ ಕತ್ತು ಚಾಚಿ ನೋಡಿದರೆ, ಅತ್ತೆ ಮುಚ್ಚಳದ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದಾಳೆ.

"ಈಗ ತೆಗೀಬಹುದು ಅತ್ತೆ" ಎಂದಳು. "ಈಗೇನಾಗಲ್ಲ."

ಸೋಮವಾರ ಆಸ್ಪತ್ರೆಯಲ್ಲಿ ಯಶೋಧಾ ಮಗಳ ಬಟ್ಟೆ ತುಂಬಲು ದೊಡ್ಡ ಖಾಲಿ ಬ್ಯಾಗು ಹಿಡಿದು ಕಾದಿದ್ದಳು. ದೇವಿಕಾ ತೂಕದ ಯಂತ್ರ ಹತ್ತಿದಳು. ಬರಗೇರಮ್ಮ ನೋಡಲಾಗದೆ ಗೋಡೆಯ ಕಡೆ ತಿರುಗಿದಳು. ನರ್ಸು ಓದಿ ಹೇಳಿದಳು: ಹೋದ ವಾರ ಎಷ್ಟಿತ್ತೋ ಅಷ್ಟೇ, ಇಳಿದಿಲ್ಲ. ಡಾಕ್ಟರಮ್ಮ, ಇದೇ ಊಟ ಮುಂದುವರಿಸಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಯಶೋಧಾ ಖಾಲಿ ಬ್ಯಾಗನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಕಣ್ಣು ಒದ್ದೆಯಾಗಿತ್ತು.

"ಏನ್ ಮಾಡಿದ್ರಿ ಬೀಗ್ರೇ, ಒಂದೇ ವಾರಕ್ಕೆ?"

ಬರಗೇರಮ್ಮ ವರಾಂಡದ ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

"ಏನೂ ಮಾಡ್ಲಿಲ್ಲ ಕಣ್ರಿ, ಸುಮ್ನೆ ಕುಂತಿದ್ದೆ" ಎಂದಳು. "ಬರ್ರಿ, ನೀವೂ ಕುಂತ್ಕಳ್ರಿ. ಬಸ್ಸಿಗೆ ಇನ್ನೂ ಹೊತ್ತೈತೆ."